ಹೊಳೆಬಾಗಿಲಿನಿಂದ ಒಂದು ಪತ್ರ: ದೋಣಿ ಬಿಡುವ ಮೊದಲು ಬೊಡ್ಡೆ ನೋಡಿ

ಪ್ರವಾಸೋದ್ಯಮ, ಮೀನುಗಾರಿಕೆ, ಅರಣ್ಯ, ಒಳನಾಡು ಜಲಸಾರಿಗೆ ಇಲಾಖೆಗಳ ಅಧಿಕಾರಿಗಳಿಗೆ, ಕರ್ನಾಟಕ ವಿದ್ಯುತ್ ನಿಗಮದವರಿಗೆ (ಕೆಪಿಸಿ), ಹಾಗೆಯೇ ಶನಿವಾರ ಭಾನುವಾರ ಶರಾವತಿ ಹಿನ್ನೀರಿಗೆ ಬರುವ ಎಲ್ಲ ನೆಂಟರಿಗೆ,

ನಮಸ್ಕಾರ.

ಒಂದೇ ಪತ್ರದಲ್ಲಿ ಇಷ್ಟು ಜನರನ್ನು ಕೂಗಿ ಕರೆದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ತಪ್ಪು ನನ್ನದಲ್ಲ. ನಮ್ಮ ಹೊಳೆಯಲ್ಲಿ ನೀರು ಒಬ್ಬರದು, ಮೀನು ಇನ್ನೊಬ್ಬರದು, ದಡದ ಕಾಡು ಮತ್ತೊಬ್ಬರದು, ಮೇಲೆ ತೇಲುವ ದೋಣಿ ಮಗದೊಬ್ಬರದು. ಯಾರಿಗೆ ಬರೆದರೂ ಅರ್ಧ ಪತ್ರ ಬರೆದಂತೆ. ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ತುಮರಿ ಕಡೆಯವನು. ನೀವು ದ್ವೀಪ ಅನ್ನುತ್ತೀರಿ, ನಮಗೆ ಅದು ಊರು. ಸಣ್ಣದೊಂದು ಅಡಿಕೆ ತೋಟ ಇದೆ. ಒಂದು ಹಳೇ ಉಕ್ಕಡ, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿ, ಇದೆ. ನಾಲ್ಕು ಗಾಳದ ಕೋಲು ಇವೆ. ತೋಟದಲ್ಲಿ ಇರುವುದಕ್ಕಿಂತ ಜಾಸ್ತಿ ಹೊತ್ತು ನೀರಿನ ಅಂಚಲ್ಲಿ ಕೂತಿರುತ್ತಾನೆ ಎಂಬುದು ನನ್ನ ಮೇಲೆ ಮನೆಯವರ ದೂರು. ಸುಳ್ಳೇನಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಸುಮಾರು 2.4 ಕಿಲೋಮೀಟರ್ ಉದ್ದ. ಅದಕ್ಕೂ ಮೊದಲು ನಮಗೆ ಲಾಂಚೇ ಗತಿ. ಹೊಳೆಬಾಗಿಲಿಗೆ ಬರುವಷ್ಟರಲ್ಲಿ ಕೊನೇ ಲಾಂಚ್ ಹೊರಟುಬಿಟ್ಟಿದ್ದರೆ ಆಚೆ ದಡದ ದೀಪ ನೋಡುತ್ತಾ ಈಚೆ ದಡದಲ್ಲಿ ರಾತ್ರಿ ಕಳೆಯಬೇಕು. ಎದುರಿಗೇ ಮನೆ, ಮಧ್ಯೆ ನೀರು. ಮೈಯಲ್ಲಿ ಹುಷಾರಿಲ್ಲದವರನ್ನು, ಬಸುರಿಯರನ್ನು ಕರೆದುಕೊಂಡು ಹಾಗೆ ಕಾದವರಿಗೆ ಸೇತುವೆ ಏನು ಅಂತ ಗೊತ್ತು. ಆದ್ದರಿಂದ ಈ ಪತ್ರವನ್ನು ಸೇತುವೆ ಮೇಲಿನ ಸಿಟ್ಟು ಅಂತ ಓದಬೇಡಿ.

ಆದರೆ ಸೇತುವೆಯ ಜೊತೆಗೆ ಒಂದು ಪ್ರಶ್ನೆಯೂ ಬಂದಿದೆ. ಸಿಗಂದೂರಿನಲ್ಲಿ ಕೈಮುಗಿದು ಬಂದವರು ಕಾರಿನ ಗಾಜು ಇಳಿಸಿ ಕೇಳುತ್ತಾರೆ, "ಇಲ್ಲಿ ಬೋಟಿಂಗ್ ಎಲ್ಲಿ?" ಹಿಂದೆ ಯಾರೂ ಹೀಗೆ ಕೇಳುತ್ತಿರಲಿಲ್ಲ. ಯಾಕೆಂದರೆ ಲಾಂಚೇ ಅವರಿಗೆ ಬೋಟಿಂಗ್ ಆಗಿತ್ತು. ಕಾರು, ಬಸ್ಸು, ಬೈಕು, ಹಾಲಿನ ಕ್ಯಾನು, ಕೋಳಿ ಬುಟ್ಟಿ ಎಲ್ಲದರ ನಡುವೆ ನಿಂತು, ಸೆಲ್ಫಿ ಹೊಡೆದುಕೊಂಡು, ಗಾಳಿ ಕುಡಿದು ಇಳಿಯುತ್ತಿದ್ದರು. ಈಗ ಸೇತುವೆ ಮೇಲೆ ಎರಡೇ ನಿಮಿಷ. ನೀರು ನೋಡಿದ ಹಾಗೂ ಆಯಿತು, ನೋಡದ ಹಾಗೂ ಆಯಿತು. ಎರಡನೇ ಪ್ರಶ್ನೆ, "ಮೀನು ಹಿಡಿಯೋಕೆ ಬಿಡ್ತಾರಾ?"

ಕೇಳುವವರಿದ್ದ ಮೇಲೆ ಕೊಡುವವರೂ ಹುಟ್ಟಿಕೊಳ್ಳುತ್ತಾರೆ. ಸ್ಪೀಡ್ ಬೋಟ್ ಬರುತ್ತದಂತೆ, ನೀರಿನ ಸ್ಕೂಟರ್ ಬರುತ್ತದಂತೆ, ತೇಲುವ ಹೋಟೆಲ್ ಬರುತ್ತದಂತೆ ಎಂದು ಚಹಾದಂಗಡಿಯಲ್ಲಿ ದಿನಾ ಕೇಳುತ್ತೇನೆ. ಬರಲಿ. ನಮ್ಮ ಹುಡುಗರೂ ಕೆಲಸ ಹುಡುಕಿ ಬೆಂಗಳೂರಿಗೆ ಹೋಗಿ ಸಾಕಾಗಿದ್ದಾರೆ. ನಾನು ಹೇಳಬೇಕಾಗಿರುವುದು ಇಷ್ಟೇ: ಇದು ಕೆರೆಯಲ್ಲ. ಕೆರೆಯ ಲೆಕ್ಕದಲ್ಲಿ ದೋಣಿ ಬಿಟ್ಟರೆ ಜನ ಸಾಯುತ್ತಾರೆ.

ಕೆರೆಗೆ ತಳ ಅಂತ ಒಂದಿರುತ್ತದೆ. ಹೂಳು, ಕೆಸರು, ಅಲ್ಲಲ್ಲಿ ಕಲ್ಲು. ನಮ್ಮ ಹಿನ್ನೀರಿಗೆ ತಳ ಇಲ್ಲ, ಊರು ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಸುಮಾರು 300 ಚದರ ಕಿಲೋಮೀಟರ್ ಜಾಗ ಅಡಿಗೆ ಹೋಯಿತು. ಗದ್ದೆ, ತೋಟ, ಗುಡಿ, ಬಾವಿ, ಪಾಗಾರ, ಕಾಡು ಎಲ್ಲ ಇದ್ದ ಹಾಗೇ ಮುಳುಗಿದವು. ನನ್ನ ಅಜ್ಜನ ಮನೆಯೂ ಅದರಲ್ಲಿದೆ. ಅಜ್ಜ ಹೆಂಚು ಇಳಿಸಿ, ಬಾಗಿಲು ಕಿತ್ತುಕೊಂಡು ಬಂದನಂತೆ. ಕಲ್ಲಿನ ಕಟ್ಟೆ, ಒರಳು, ತುಳಸಿಕಟ್ಟೆ ಅಲ್ಲೇ ಉಳಿದವು. ಮನೆ ಕಳೆದುಕೊಂಡ ಎಷ್ಟೋ ಜನಕ್ಕೆ ಹೊಸ ಜಾಗದ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಅದು ಬೇರೆಯೇ ಪತ್ರದ ವಿಷಯ, ಇಲ್ಲಿ ಬೇಡ.

ಮನೆ, ಗುಡಿ ಬಿಡಿ. ಒಂದು ಅಣೆಕಟ್ಟೇ ಮುಳುಗಿದೆ. ಜೋಗದಲ್ಲಿ 1948ರಲ್ಲಿ ಶುರುವಾದ ವಿದ್ಯುತ್ ಕೇಂದ್ರಕ್ಕೆ ನೀರು ಕೊಡಲು ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಲಿಂಗನಮಕ್ಕಿ ಬಂದು ಅದನ್ನೂ ನುಂಗಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಅದು ಮೇಲೆದ್ದು ನಿಲ್ಲುತ್ತದೆ. ಗೋಡೆ, ಸೈಫನ್ ಎಲ್ಲ ಗಟ್ಟಿಮುಟ್ಟಾಗಿವೆ. ಜನ ಅದರ ಮೇಲೆ ನಡೆದಾಡಿ ಫೋಟೋ ತೆಗೆದುಕೊಳ್ಳುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಗೋಡೆಯ ಮೇಲೆ ದೋಣಿ ಓಡಾಡುತ್ತಿರುತ್ತದೆ.

ಇನ್ನು ಮರ. ಮುಳುಗುವ ಮುಂಚೆ ಎಲ್ಲ ಮರ ಕಡಿದು ಸಾಗಿಸಲಿಲ್ಲ. ಸದಾ ನೀರಿನೊಳಗೆ, ಗಾಳಿ ತಾಗದೆ ಇರುವ ಮರ ಅಷ್ಟು ಸುಲಭಕ್ಕೆ ಕೊಳೆಯುವುದಿಲ್ಲ. ಅರವತ್ತು ವರ್ಷ ದಾಟಿದರೂ ಬೊಡ್ಡೆಗಳು ನಿಂತಿವೆ. ಕಪ್ಪಗೆ, ಮೊನಚಾಗಿ, ಕಬ್ಬಿಣದ ಹಾಗೆ. ಬೇಸಿಗೆಯಲ್ಲಿ ಅವುಗಳ ಫೋಟೋ ತೆಗೆಯಲು ಬೆಂಗಳೂರಿನಿಂದ ಕ್ಯಾಮೆರಾ ಹೊತ್ತು ಬರುತ್ತಾರೆ. ಸೂರ್ಯ ಮುಳುಗುವಾಗ ಚೆಂದವೇ ಕಾಣುತ್ತವೆ. ಸುಳ್ಳು ಹೇಳಬಾರದು.

ಈ ನೀರಿನಲ್ಲೇ ಬಲೆ ಬಿಟ್ಟು ಮುದುಕನಾದ ನಮ್ಮ ಕೇರಿಯ ಹಿರಿಯರೊಬ್ಬರು ಯಾವಾಗಲೂ ಒಂದು ಮಾತು ಹೇಳುತ್ತಾರೆ. "ತುಂಬ್ದಾಗ ಎಲ್ಲಾ ಸಮ ಕಾಣ್ತೈತೆ ತಮಾ. ಇಳಿದಾಗ್ಲೇ ಹೊಳೆಯ ಹಲ್ಲು ಕಾಣೋದು."

ಭರ್ತಿ ಆದಾಗ ನಮ್ಮ ಜಲಾಶಯದ ಮಟ್ಟ 1819 ಅಡಿ. ಆಗ ಬೊಡ್ಡೆಗಳು ಆಳದಲ್ಲಿ ಇರುತ್ತವೆ, ಅಷ್ಟು ಭಯವಿಲ್ಲ. ಏಪ್ರಿಲ್, ಮೇನಲ್ಲಿ ಕಣ್ಣಿಗೇ ಕಾಣುತ್ತವೆ, ಆಗಲೂ ಭಯವಿಲ್ಲ. ಕೆಟ್ಟ ಕಾಲ ಯಾವುದೆಂದರೆ ನಡುವಿನದು. ಜನವರಿ, ಫೆಬ್ರವರಿ. ಕರೆಂಟಿಗಾಗಿ ದಿನಾ ನೀರು ಬಿಡುತ್ತಾ ಇರುತ್ತಾರೆ, ಮಟ್ಟ ಇಳಿಯುತ್ತಾ ಇರುತ್ತದೆ. ನಿನ್ನೆ ಎರಡು ಮೊಳ ಕೆಳಗಿದ್ದ ಬೊಡ್ಡೆ ನಾಲ್ಕು ದಿನ ಬಿಟ್ಟು ಒಂದೇ ಗೇಣು ಕೆಳಗಿರುತ್ತದೆ. ಮೇಲಿಂದ ನೋಡಿದರೆ ಬರೀ ನೀಲಿ. ಪ್ರವಾಸಿಗರು ಜಾಸ್ತಿ ಬರುವುದೂ ಅದೇ ತಿಂಗಳುಗಳಲ್ಲಿ.

ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಜನವರಿಯಲ್ಲಿ ಅಕ್ಕನ ಸಂಸಾರ ಬೆಂಗಳೂರಿನಿಂದ ಬಂದಿತ್ತು. ಮಕ್ಕಳಿಗೆ ಇಂಜಿನ್ ಇರುವ ದೋಣಿಯೇ ಬೇಕಂತೆ. ನನ್ನ ಉಕ್ಕಡ ಅವರ ಕಣ್ಣಿಗೆ ದೋಣಿಯೇ ಅಲ್ಲ. ಸರಿ, ಒಂದು ಕಡೆ ಖಾಸಗಿಯವರು ದೋಣಿ ನಡೆಸುತ್ತಿದ್ದರು, ಅಲ್ಲಿಗೆ ಕರೆದುಕೊಂಡು ಹೋದೆ. ಜಾಗದ ಹೆಸರು ಬೇಡ. ಹತ್ತಿದವರು ಹನ್ನೆರಡು ಜನ. ಲೈಫ್ ಜಾಕೆಟ್ ಏಳು. ನನಗೆ ಸಿಕ್ಕಿದ್ದರ ಬಕಲ್ ಮುರಿದು ಹೋಗಿತ್ತು, ಅದಕ್ಕೆ ಸುತಳಿ ಕಟ್ಟಿದ್ದರು. ಅಕ್ಕನ ಮಗಳಿಗೆ ಆಗ ಏಳು ವರ್ಷ. ಮಕ್ಕಳ ಅಳತೆಯದು ಇರಲಿಲ್ಲ, ದೊಡ್ಡವರದ್ದನ್ನೇ ಹಾಕಿದರು. ಅದು ಅವಳ ಕಿವಿಯವರೆಗೆ ಬಂತು. ಮಗು ನಕ್ಕಿತು, ನಾವೂ ನಕ್ಕೆವು, ಫೋಟೋ ತೆಗೆದೆವು. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ನೋಡಿದಾಗಲೆಲ್ಲ ಬೆನ್ನು ತಣ್ಣಗಾಗುತ್ತದೆ. ಅಷ್ಟು ದೊಡ್ಡ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ. ಹೆಗಲ ಹತ್ತಿರ ಹಿಡಿದು ಎತ್ತಿ ನೋಡಿದ್ದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ.

ದಡ ಬಿಟ್ಟು ಹದಿನೈದು ನಿಮಿಷ ಆಗಿರಬೇಕು. ಧಡ್ ಅಂತ ಸದ್ದಾಯಿತು. ದೋಣಿ ಒಮ್ಮೆ ಎಡಕ್ಕೆ ವಾಲಿತು. ಎಲ್ಲರೂ ಬಲಕ್ಕೆ ಹಾರಿದರು, ಅದು ಇನ್ನೂ ಜಾಸ್ತಿ ಬಲಕ್ಕೆ ವಾಲಿತು. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಕೂಗಿದ್ದು ನಾನೋ ಭಾವನೋ ನೆನಪಿಲ್ಲ. ಇಂಜಿನ್ ಕಿರುಚಿತು, ಫ್ಯಾನ್ ತಿರುಗಲಿಲ್ಲ. ದೋಣಿ ನಡೆಸುತ್ತಿದ್ದ ಹುಡುಗನಿಗೆ ಹೆಚ್ಚೆಂದರೆ ಹತ್ತೊಂಬತ್ತು ವರ್ಷ. ಬೇರೆ ಜಿಲ್ಲೆಯವನು. ಬಂದು ಎರಡು ತಿಂಗಳಾಗಿತ್ತಂತೆ. ಅವನ ಮುಖ ಬಿಳುಚಿಕೊಂಡಿತ್ತು. ಬೊಡ್ಡೆಯ ತುದಿ ಸುಮಾರು ನನ್ನ ಮುಷ್ಟಿಯಷ್ಟು ದಪ್ಪ, ನೀರಿನೊಳಗೆ ಒಂದು ಗೇಣು ಕೆಳಗೆ, ಕೈಗೆ ಸಿಗುವ ಹಾಗೆ. ಮುಟ್ಟಿ ನೋಡಿದೆ. ಪಾಚಿ ಕಟ್ಟಿ ಜಾರುತ್ತಿತ್ತು. ದೋಣಿಯಲ್ಲಿ ಹುಟ್ಟು ಇರಲಿಲ್ಲ, ಹಗ್ಗ ಇರಲಿಲ್ಲ, ಫೋನಿಗೆ ಸಿಗ್ನಲ್ ಇರಲಿಲ್ಲ. ಮಧ್ಯಾಹ್ನದ ಗಾಳಿ ಎದ್ದಿತ್ತು. ಕಂತುಬಲೆ ನೋಡಲು ಬಂದಿದ್ದ ಒಬ್ಬರು ಉಕ್ಕಡದಲ್ಲಿ ಬಂದು, ತಮ್ಮ ಬಲೆಯ ಹಗ್ಗ ಕಟ್ಟಿ, ಒಂದೂವರೆ ಗಂಟೆ ಹುಟ್ಟು ಹಾಕಿ ನಮ್ಮನ್ನು ದಡಕ್ಕೆ ಎಳೆದರು. ದುಡ್ಡು ಕೊಡಲು ಹೋದೆ. "ಮಕ್ಳಿಗೆ ಚಾ ಕುಡ್ಸಿ" ಎಂದು ಹೊರಟೇ ಹೋದರು.

ನಾನು ಯಾರನ್ನೂ ಬೈಯಲು ಇದನ್ನು ಬರೆಯುತ್ತಿಲ್ಲ. ಬೈಯಬೇಕೆಂದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಈ ನೀರು ನನಗೆ ಗೊತ್ತು. ಜಾಕೆಟ್ ಕಡಿಮೆ ಇದೆ ಎಂದು ಹತ್ತುವಾಗಲೇ ಕಂಡಿತ್ತು. ನೆಂಟರ ಮುಂದೆ ಯಾಕೆ ಜಗಳ ಎಂದು ಸುಮ್ಮನಾದೆ. ನಮ್ಮಲ್ಲಿ ಹೆಚ್ಚಿನವರು ಹೀಗೇ ಅಲ್ವಾ? ಬಸ್ಸಿನಲ್ಲಿ ಚಿಲ್ಲರೆಗೆ ಕಂಡಕ್ಟರ್ ಜೊತೆ ಅರ್ಧ ದಾರಿ ವಾದ ಮಾಡುತ್ತೇವೆ. ಜೀವದ ವಿಷಯ ಬಂದಾಗ ಸಂಕೋಚ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮುಗುಚಿ 16 ಜನ ಹೋದರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಅದು ಊರ ಮಧ್ಯದ ಕೆರೆ. ಬೊಡ್ಡೆ ಇಲ್ಲ, ಅಲೆ ಇಲ್ಲ. ಅಲ್ಲೇ ಹಾಗಾದರೆ ಇಲ್ಲಿನ ಕಥೆ ನೀವೇ ಯೋಚಿಸಿ. ನಮ್ಮ ಹಿನ್ನೀರಿನಲ್ಲೂ ತೆಪ್ಪ ಮುಗುಚಿ ಹುಡುಗರು ಹೋದ ಸುದ್ದಿ ನಮಗೆ ಹೊಸದೇನಲ್ಲ.

ಕಾನೂನು ಇಲ್ಲ ಅಂತಲ್ಲ. 1917ರ ಹಳೇ ಕಾಯ್ದೆ ತೆಗೆದು 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ತಂದರು. ಇಂಜಿನ್ ಇರುವ ದೋಣಿ ನೋಂದಣಿ ಆಗಬೇಕು, ತಪಾಸಣೆ ಆಗಬೇಕು, ವಿಮೆ ಇರಬೇಕು, ಜೀವರಕ್ಷಕ ಸಾಮಾನು ಇರಬೇಕು. ಎಲ್ಲ ಸರಿ. ಆದರೆ ಆ ಕಾಗದ ದೋಣಿಯನ್ನು ನೋಡುತ್ತದೆ, ದೋಣಿಯ ಕೆಳಗಿರುವುದನ್ನು ನೋಡುವುದಿಲ್ಲ. ಹೊಚ್ಚ ಹೊಸ ದೋಣಿಯೂ ಬೊಡ್ಡೆಗೆ ಬಡಿದರೆ ತೂತಾಗುತ್ತದೆ.

ಹಾಗಾಗಿ ನನ್ನ ಕೇಳಿಕೆ ಒಂದು ಅಂಕಿಯದ್ದು. ದೋಣಿ ನಡೆಸಲು ಯಾರಿಗೇ ಪರವಾನಗಿ ಕೊಡಿ, ಅದರಲ್ಲಿ ಅಡಿ ಲೆಕ್ಕ ಬರೆಯಿರಿ. ಈ ದಡದಿಂದ ಆ ಗುಡ್ಡದವರೆಗೆ ದೋಣಿ ಹೋಗಬಹುದು, ಆದರೆ ಜಲಾಶಯದ ಮಟ್ಟ ಇಷ್ಟು ಅಡಿಗಿಂತ ಕೆಳಗೆ ಇಳಿದ ದಿನದಿಂದ ಬಂದ್, ಎಂದು. ಪ್ರತಿ ದಡಕ್ಕೂ ಬೇರೆ ಬೇರೆ ಅಂಕಿ ಬರುತ್ತದೆ. ಒಂದು ಕಡೆ ತಳ ಆಳ, ಇನ್ನೊಂದು ಕಡೆ ಕಾಡು ಮುಳುಗಿದ ಜಾಗ. ಹೊಸದಾಗಿ ಯಂತ್ರ ತರಬೇಕಾಗಿಲ್ಲ. ಲಿಂಗನಮಕ್ಕಿಯ ಇವತ್ತಿನ ಮಟ್ಟ ಎಷ್ಟು ಎಂದು ಕೆಪಿಸಿ ದಿನಾ ಅಳೆಯುತ್ತದೆ, ಬೆಳಗಿನ ಪೇಪರಿನಲ್ಲಿ ಬರುತ್ತದೆ. ನಮ್ಮ ಕಡೆ ಅಡಿಕೆ ರೇಟು ನೋಡಿದ ಮೇಲೆ ಜನ ನೋಡುವುದೇ ಅದನ್ನು. ಆ ಅಂಕಿಯನ್ನು ದೋಣಿ ಹತ್ತುವ ಜಾಗದಲ್ಲಿ ಒಂದು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಮುಗಿಯಿತು. ಎಡಗಡೆ ಇವತ್ತಿನ ಮಟ್ಟ, ಬಲಗಡೆ ನಿಲ್ಲಿಸುವ ಮಟ್ಟ. ಬೆಂಗಳೂರಿನವರಿಗೂ ಅರ್ಥ ಆಗುತ್ತದೆ, ಏಳು ವರ್ಷದ ಮಗುವಿಗೂ ಅರ್ಥ ಆಗುತ್ತದೆ.

ಇದು ನನ್ನ ತಲೆಯಿಂದ ಉದುರಿದ ಹೊಸ ವಿಚಾರವೂ ಅಲ್ಲ. ಲಾಂಚಿನವರು ಮಾಡುತ್ತಿದ್ದದ್ದೇ ಇದು. 2023ರ ಜೂನ್‌ನಲ್ಲಿ ಮಳೆ ತಡವಾಗಿ ನೀರು ತಳ ಕಂಡಾಗ ವಾಹನ ಹತ್ತಿಸುವುದನ್ನು ನಿಲ್ಲಿಸಿದರು. ನಾವು ಗೊಣಗಿದೆವು. ಆದರೂ ಅವರು ಮಾಡಿದ್ದು ಸರಿ ಎಂದು ಎಲ್ಲರಿಗೂ ಗೊತ್ತಿತ್ತು.

ಅಂಕಿ ಹೇಗೆ ತೆಗೆಯುವುದು? ಮಾರ್ಚ್ ಕೊನೆಯಿಂದ ಬನ್ನಿ. ಬೊಡ್ಡೆಗಳು ಒಂದೊಂದಾಗಿ ಮೇಲೆ ಬರುವ ಹೊತ್ತು. ಬಲೆ ಬಿಡುವವರಲ್ಲಿ ಇಬ್ಬರನ್ನು ಜೊತೆಗೆ ಕರೆದುಕೊಳ್ಳಿ, ದಿನಗೂಲಿ ಕೊಡಿ. ಮೊಬೈಲಿನಲ್ಲೇ ಜಾಗ ಗುರುತು ಮಾಡಿಕೊಳ್ಳಬಹುದು. ತುದಿ ಎಷ್ಟು ಎತ್ತರದಲ್ಲಿದೆ ಎಂದು ಅವತ್ತಿನ ಮಟ್ಟದಿಂದಲೇ ಲೆಕ್ಕ ಸಿಗುತ್ತದೆ. ದೋಣಿ ದಾರಿಯಲ್ಲಿ ಬರುವ ಬೊಡ್ಡೆಗೆ ಉದ್ದ ಹಗ್ಗ ಕಟ್ಟಿ ಕೆಂಪು ಬಣ್ಣ ಬಳಿದ ಖಾಲಿ ಡ್ರಮ್ ತೇಲಿಬಿಟ್ಟರೆ ನೀರು ಏರಿದಾಗಲೂ ಅದು ಅಲ್ಲೇ ಇರುತ್ತದೆ. ತೀರಾ ದಾರಿಗೆ ಅಡ್ಡ ಇರುವುದನ್ನು ಕುಯ್ದು ಹಾಕಿ. ಎಲ್ಲವನ್ನೂ ಕುಯ್ಯಬೇಡಿ. ನೀರುಕಾಗೆಗಳು ರೆಕ್ಕೆ ಒಣಗಿಸಲು ಕೂರುವುದು ಅದರ ಮೇಲೆ. ಮೀನು ಮರಿ ಮಾಡುವುದೂ ಬೊಡ್ಡೆಯ ಸಂದಿಯಲ್ಲೇ.

ಬಲೆಯವರನ್ನು ಕರೆಯಿರಿ ಎಂದೆನಲ್ಲ, ಅದಕ್ಕೆ ಕಾರಣ ಇದೆ. ಅವರು ಈಗಲೂ ನೀರಿನ ಮೇಲೆ ಹಳೇ ಊರಿನ ಹೆಸರಿನಲ್ಲೇ ಓಡಾಡುತ್ತಾರೆ. "ಶಾನುಭೋಗರ ಹಿತ್ಲಲ್ಲಿ ಬಲೆ ಬಿಟ್ಟೆ, ಗದ್ದೆ ಬಯಲಲ್ಲಿ ಜಿಲೇಬಿ ಮೀನು ಬಿತ್ತು" ಅನ್ನುತ್ತಾರೆ. ಹೊಸಬರಿಗೆ ಹುಚ್ಚು ಮಾತು ಅನ್ನಿಸಬಹುದು. ಅವರಿಗೆ ಅದೇ ನಕ್ಷೆ. ದೋಣಿ ನಡೆಸುವ ಕೆಲಸ ಇವರ ಮಕ್ಕಳಿಗೆ ಮೊದಲು ಸಿಗಬೇಕು ಎಂದು ನಾನು ಹೇಳುವುದು ಊರಿನ ಅಭಿಮಾನಕ್ಕಲ್ಲ. ಗೊತ್ತಿರುವವನ ಕೈಯಲ್ಲಿ ಚುಕ್ಕಾಣಿ ಇರಲಿ ಅಂತ. ಈಜು, ಎದೆ ಒತ್ತಿ ಉಸಿರು ತರುವುದು, ಇಂಜಿನ್ ರಿಪೇರಿ ಇಷ್ಟನ್ನು ನೀವು ಕಲಿಸಿ. ತಾಳಗುಪ್ಪದ ಆಚೆ ಹೊನ್ನೆಮರಡುವಿನಲ್ಲಿ ಇದೇ ಹಿನ್ನೀರಿನಲ್ಲಿ ವರ್ಷಗಟ್ಟಲೆಯಿಂದ ಹುಟ್ಟು ಹಾಕುವುದನ್ನು ಕಲಿಸುತ್ತಿದ್ದಾರೆ. ಇಂಜಿನ್ ಗದ್ದಲ ಇಲ್ಲದೆಯೂ ಜನ ಖುಷಿಪಡುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಗಾಳದ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ, ಯಾಕೆಂದರೆ ಕಳ್ಳನೇ ಕೀಲಿಕೈ ಬಗ್ಗೆ ಬರೆದಂತೆ.

ನಮ್ಮ ರಾಜ್ಯಕ್ಕೆ ಗಾಳದ ಶೋಕಿ ಹೊಸದಲ್ಲ. 1946ರ ಮಾರ್ಚ್ 22ರಂದು ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನು ಹಿಡಿದರು. ಅಂದರೆ ಸುಮಾರು 54 ಕೆಜಿ. ಸತ್ತ ಹುಲಿ, ಚಿರತೆಗೆ ಜೀವ ಬಂದ ಹಾಗೆ ಮಾಡಿ ನಿಲ್ಲಿಸುತ್ತಿದ್ದ ಮನೆತನ ಅದು. ಆಮೇಲೆ ಕಾವೇರಿಯಲ್ಲಿ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗೆ ದೇಶ ವಿದೇಶದವರು ಮಹಶೀರ್ ಹಿಡಿಯಲೆಂದೇ ಬರುತ್ತಿದ್ದರು. ಹಿಡಿದು, ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಅಲ್ಲಿ ದಾರಿ ತೋರಿಸುವ ಕೆಲಸಕ್ಕೆ ಸೇರಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ ಎಂದು 2010ರ ನಂತರದ ವರ್ಷಗಳಲ್ಲಿ ಅದು ನಿಂತಿತು. ಗಾಳದವರು ಹೋದ ಮೇಲೆ ನದಿಗೆ ಕಾವಲು ಹೋಯಿತು, ತೋಟೆ ಸಿಡಿಸಿ ಮೀನು ಕೊಲ್ಲುವವರಿಗೆ ಹಬ್ಬವಾಯಿತು ಎಂದು ವಾದಿಸುವವರಿದ್ದಾರೆ. ಅಭಯಾರಣ್ಯ ಅಂದ ಮೇಲೆ ಅಭಯ ಮೀನಿಗೂ ಇರಬೇಕು ಅನ್ನುವವರೂ ಇದ್ದಾರೆ. ಕಾವೇರಿಯ ಆ ಗೂನು ಬೆನ್ನಿನ ಮಹಶೀರ್ ಈಗ ಅಳಿವಿನ ಕೊನೆ ಅಂಚಿನಲ್ಲಿದೆ ಎಂದು 2018ರಲ್ಲಿ ಕೆಂಪು ಪಟ್ಟಿಗೆ ಸೇರಿಸಿದರು.

ನಾನು ಯಾವ ಕಡೆ? ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲ. ಹಿಡಿದು ಬಿಡುವ ಆಟದ ಬಗ್ಗೆ ಅಮ್ಮನಿಗೆ ಹೇಳಿದೆ. "ತಿನ್ನೋದಿಲ್ಲ ಅಂದ್ಮೇಲೆ ಬಾಯಿಗೆ ಕೊಕ್ಕೆ ಯಾಕೆ ಹಾಕ್ತಾರೆ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ದಿನಾ ನೀರಿನ ಹತ್ತಿರ ಕೂರುವವನಿಗೇ ನೀರು ಕೆಟ್ಟದ್ದು ಮೊದಲು ಗೊತ್ತಾಗುವುದು ಎಂಬುದೂ ನನ್ನ ಅನುಭವ. ಒಂದು ಬೆಳಿಗ್ಗೆ ಸಣ್ಣ ಕೋವೆಯಲ್ಲಿ, ಅಂದರೆ ದಡದೊಳಕ್ಕೆ ಚಾಚಿದ ನೀರಿನಲ್ಲಿ, ಬೆರಳುದ್ದದ ಮೀನುಗಳು ರಾಶಿಯಾಗಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬ್ಲೀಚಿಂಗ್ ಪೌಡರಿನ ವಾಸನೆ ಇನ್ನೂ ಹೋಗಿರಲಿಲ್ಲ. ವಿಷ, ತೋಟೆ ಹಾಕಿ ಮೀನು ಹಿಡಿಯಬಾರದು ಎಂದು 1897ರಲ್ಲಿ ಬ್ರಿಟಿಷರ ಕಾಲದಲ್ಲೇ ಕಾನೂನಾಗಿದೆ. ಅವತ್ತು ಆ ಕೋವೆಯಲ್ಲಿ ನಾನು ಬಿಟ್ಟರೆ ಅದನ್ನು ನೋಡಿದವರು ಇನ್ನೊಬ್ಬರಿರಲಿಲ್ಲ.

ನಮ್ಮ ಹಿನ್ನೀರು ಕಾವೇರಿಯ ಹಾಗಲ್ಲ. ಇಲ್ಲಿ ಬಲೆ ಬಿಟ್ಟು ಹೊಟ್ಟೆ ಹೊರೆಯುವ ಮನೆಗಳಿವೆ. ಕಾಟ್ಲಾ, ರೋಹು ಮರಿ ತಂದು ಬಿಡುವುದು ಅವರ ಬದುಕಿಗಾಗಿ. ಆದ್ದರಿಂದ ಬಂದವರಿಗೆ ಗಾಳ ಹಾಕಲು ಬಿಡುವುದಾದರೆ ದಿನಕ್ಕೊಂದು ಚೀಟಿ ಮಾಡಿ, ಆ ದುಡ್ಡು ಮೀನುಗಾರರ ಸಂಘಕ್ಕೆ ಹೋಗಲಿ. ದಡದಿಂದ ಮಾತ್ರ, ಕೋಲು ಗಾಳ ಮಾತ್ರ, ತಿನ್ನಲು ಎರಡು ಮೀನು ಸಾಕು. ಸಿಂಗಳೀಕ ಅಭಯಾರಣ್ಯದ ಕಡೆಯ ದಡಕ್ಕೆ ಹೋಗುವಂತಿಲ್ಲ. ಆದರೆ ಆ ಗಡಿ ನೀರಿನ ಮೇಲೆ ಎಲ್ಲಿ ಹಾದು ಹೋಗುತ್ತದೆ ಎಂದು ದಯವಿಟ್ಟು ಒಂದು ಬೋರ್ಡ್ ಹಾಕಿ. ನನಗೇ ಗೊತ್ತಿಲ್ಲ, ಬೆಂಗಳೂರಿನವರಿಗೆ ಹೇಗೆ ಗೊತ್ತಾಗಬೇಕು?

ಗಾಳದ ನೆಂಟರಿಗೆ ಇನ್ನೊಂದು ಮಾತು. ಸಿಕ್ಕಿಹಾಕಿಕೊಂಡ ದಾರವನ್ನು ಕುಯ್ದು ಅಲ್ಲೇ ಬಿಟ್ಟು ಹೋಗಬೇಡಿ. ಕಳೆದ ವರ್ಷ ಒಂದು ನೀರುಕಾಗೆ ತಂಗೂಸಿ ದಾರಕ್ಕೆ ಸಿಕ್ಕಿ ಬೊಡ್ಡೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಉಕ್ಕಡ ತೆಗೆದುಕೊಂಡು ಹೋಗುವಷ್ಟರಲ್ಲಿ ಸತ್ತಿತ್ತು. ದಾರ ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಕಾಲಿಗೆ ಏಳೆಂಟು ಸುತ್ತು. ಬಾಟಲಿ ವಿಷಯ ಹೇಳುವುದಿಲ್ಲ. ಹೇಳಿ ಹೇಳಿ ಬಾಯಿ ಬಿದ್ದುಹೋಗಿದೆ.

ಇನ್ನು ನಮ್ಮವರದ್ದೇ ಒಂದು ತಪ್ಪು. ಅದನ್ನು ಮುಚ್ಚಿಟ್ಟು ಬರೀ ಪ್ರವಾಸಿಗರಿಗೆ ಬುದ್ಧಿ ಹೇಳಿದರೆ ಮರ್ಯಾದೆ ಅಲ್ಲ. ಹತ್ತುಮೀನು.

ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಹಳ್ಳ ಕೆಂಪಾಗಿ ಹರಿದ ರಾತ್ರಿ, ಹೊಳೆಯ ಮೀನುಗಳು ನೀರಿನ ಎದುರಿಗೆ ಹತ್ತುತ್ತವೆ. ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ. ಮೊಟ್ಟೆ ಇಡಲು. ಗದ್ದೆಯ ಅಂಚಿನಲ್ಲಿ ಪಾದ ಮುಳುಗುವಷ್ಟು ನೀರಿನಲ್ಲಿ ಬೆನ್ನು ಕಾಣಿಸಿಕೊಂಡು ಪಟಪಟ ಹೊಡೆದುಕೊಳ್ಳುತ್ತಾ ಹೋಗುತ್ತವೆ. ಟಾರ್ಚ್ ಬಿಟ್ಟರೆ ಬೆಳ್ಳಗೆ ಮಿಂಚುತ್ತವೆ. ನಾವು ಚಿಕ್ಕವರಿದ್ದಾಗ ಕಂಬಳಿಕೊಪ್ಪೆ ಹಾಕಿಕೊಂಡು, ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಚೀಲ. ಹಳ್ಳಕ್ಕೆ ಅಡ್ಡ ಮೀನು ಹಿಡಿಯುವ ಕೂಣಿ ಇಟ್ಟರೆ ಬೆಳಿಗ್ಗೆ ತುಂಬಿರುತ್ತಿತ್ತು. ಆ ರಾತ್ರಿಗಳ ಖುಷಿ ಈಗ ಬರೆಯುವಾಗಲೂ ಮೈಯಲ್ಲಿ ಏಳುತ್ತದೆ. ಮನೆಗೆ ತಂದು ಹೊಟ್ಟೆ ಸೀಳಿದರೆ ಬರೀ ಮೊಟ್ಟೆ, ಬೊಗಸೆ ತುಂಬ. ಅದನ್ನೂ ಹುರಿದು ತಿನ್ನುತ್ತಿದ್ದೆವು.

ಆಗ ಊರಿಗೆ ಹತ್ತು ಟಾರ್ಚ್ ಇರಲಿಲ್ಲ. ಈಗ ತಲೆಗೆ ಕಟ್ಟುವ ಲೈಟು, ಕರೆಂಟ್ ಬಿಡುವ ಬ್ಯಾಟರಿ, ಜೊತೆಗೆ ರೀಲ್ಸ್. ಮಳೆ ಬಿದ್ದ ರಾತ್ರಿಯೇ ಪೇಟೆಯಿಂದ ಕಾರು ಬರುತ್ತದೆ. ನಾನು ಹತ್ತುಮೀನಿಗೆ ಹೋಗುವುದನ್ನು ಬಿಟ್ಟು ಆರು ವರ್ಷ ಆಯಿತು. ದೊಡ್ಡ ತ್ಯಾಗವೇನಲ್ಲ. ಗಾಳಕ್ಕೆ ಮೀನು ಬೀಳುವುದು ಕಡಿಮೆ ಆಗಿ ಹೆದರಿಕೆ ಹುಟ್ಟಿತು, ಅಷ್ಟೆ. ಮೀನುಗಾರಿಕೆ ಇಲಾಖೆಯವರೇ, ಮಳೆಗಾಲದ ಮೊದಲ ದಿನಗಳಲ್ಲಿ ಮೀನು ಹಿಡಿಯಬಾರದು ಎಂಬುದು ಸಮುದ್ರದವರಿಗೆ ಗೊತ್ತಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈ ಪೂರ್ತಿ ಯಾಂತ್ರಿಕ ದೋಣಿಗಳು ಬಂದರಿನಲ್ಲೇ ನಿಲ್ಲುತ್ತವೆ. ಘಟ್ಟದ ಮೇಲಿನ ಹಳ್ಳ, ಗದ್ದೆಗೂ ಅಷ್ಟೇ ಗಟ್ಟಿಯಾಗಿ ಹೇಳಿ. ಪಂಚಾಯ್ತಿಯಲ್ಲಿ ಡಂಗುರ ಹೊಡೆಸಿ. ಮೊದಲು ಊರವರಿಗೆ, ಆಮೇಲೆ ಪೇಟೆಯವರಿಗೆ. ಊರವರಿಗೆ ವಿನಾಯಿತಿ ಕೊಟ್ಟರೆ ನನ್ನ ಹೆಸರಿನಲ್ಲಿ ಹತ್ತು ಕಾರು ಬರುತ್ತವೆ, ಎಲ್ಲರೂ ನನ್ನ ಭಾವಂದಿರೇ ಆಗಿರುತ್ತಾರೆ.

ಈ ಮಾತೆಲ್ಲ ಬರೆದು ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ಪೂರ್ತಿ ಓದಿದರು, ಒಳ್ಳೆಯವರೇ. "ಇದು ನಮಗೆ ಬರೋದಿಲ್ಲ" ಎಂದು ಇನ್ನೊಂದು ಕಡೆ ಕಳಿಸಿದರು. ಅಲ್ಲಿಯವರೂ ಓದಿದರು, ಅವರೂ ಒಳ್ಳೆಯವರು, ಮೂರನೆಯ ಕಡೆ ಕಳಿಸಿದರು. ಮೂರನೆಯ ಕಡೆ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಸಂಜೆ ಬಸ್ಸಿಗೆ ವಾಪಸ್ ಬರುವಾಗ ಸೇತುವೆ ಮೇಲೆ ನಿಂತು ಕೆಳಗೆ ನೋಡಿದೆ. ಐದಾರು ಜನರ ದೋಣಿಯೊಂದು ಹೋಗುತ್ತಿತ್ತು. ಮೇಲಿಂದ ಎಣಿಸಿದೆ, ಕಿತ್ತಳೆ ಬಣ್ಣದ ಜಾಕೆಟ್ ಒಂದೂ ಕಾಣಲಿಲ್ಲ. ಕೂಗಿದರೆ ಕೇಳಿಸುವ ದೂರವಲ್ಲ.

ಅದಕ್ಕೇ ಈ ಪತ್ರ, ಎಲ್ಲರಿಗೂ ಒಟ್ಟಿಗೆ. ಎಲ್ಲ ಇಲಾಖೆಯಿಂದ ಒಬ್ಬೊಬ್ಬರು ಬನ್ನಿ. ಸಾಗರದ ಮೀಟಿಂಗ್ ಹಾಲ್ ಬೇಡ. ಮಾರ್ಚ್ ಕೊನೆಯ ವಾರ, ಬೆಳಿಗ್ಗೆ ಏಳು ಗಂಟೆಗೆ, ಬಿಸಿಲು ಏರುವ ಮೊದಲು. ಉಕ್ಕಡ ನನ್ನದು, ಇನ್ನೆರಡನ್ನು ಕೇರಿಯಲ್ಲಿ ಕೇಳಿ ಇಟ್ಟಿರುತ್ತೇನೆ. ಅವತ್ತು ನಮ್ಮನ್ನು ಎಳೆದು ತಂದವರೂ ಬರುತ್ತಾರೆ, ಆಗಲೇ ಮಾತಾಡಿಯಾಗಿದೆ. ಜಾಕೆಟ್ ಮಾತ್ರ ನೀವೇ ತನ್ನಿ, ಬಕಲ್ ಸರಿ ಇದೆಯಾ ನೋಡಿ ತನ್ನಿ. ಅಜ್ಜನ ತುಳಸಿಕಟ್ಟೆಯಿಂದ ಶುರು ಮಾಡೋಣ. ಅಷ್ಟು ಹೊತ್ತಿಗೆ ಅದರ ತಲೆ ಕಾಣುತ್ತಿರುತ್ತದೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಮೀನು ತಿನ್ನದವರಿದ್ದರೆ ಮೊದಲೇ ಹೇಳಿಕಳಿಸಿ, ಅಮ್ಮ ಬೇರೆ ಸಾರು ಮಾಡುತ್ತಾಳೆ.

ಇಂತಿ,
ಆಚೆ ದಡದವನು